ಪಂಪ್ ಬಿಚ್ಚುವ ಮುಂಚೆ ಟ್ಯಾಂಕಿನ ತಳ ನೋಡಿ

ಪ್ರಶ್ನೆ: ಕಾರಟಗಿ ಹತ್ತಿರದ ಹಳ್ಳಿ ನಮ್ಮದು. ಗದ್ದೆ ಲೀಜಿಗೆ ಕೊಟ್ಟಿದ್ದರಿಂದ ನಮ್ಮ 2009ರ ಮಾಡೆಲ್, 45 ಎಚ್‌ಪಿ, ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರ್ ಮೂರು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಈ ಸಲ ನಾವೇ ನಾಟಿ ಮಾಡೋಣವೆಂದು ಹೊಸ ಬ್ಯಾಟರಿ ಹಾಕಿದೆವು. ಟ್ಯಾಂಕಿನಲ್ಲಿ ಅರ್ಧದಷ್ಟು ಹಳೆಯ ಡೀಸೆಲ್ ಇತ್ತು, ಅದರ ಮೇಲೆ 10 ಲೀಟರ್ ಹೊಸದು ಸುರಿದೆವು. ಡೀಸೆಲ್ ದಾರಿಯಲ್ಲಿ ಸೇರಿದ ಏರ್ ತೆಗೆದು ಸೆಲ್ಫ್ ಹೊಡೆದರೆ ಗಾಡಿ ಹತ್ತುತ್ತದೆ. ಎರಡು ನಿಮಿಷ ಓಡಿ, ಕೆಮ್ಮಿದ ಹಾಗೆ ಮಾಡಿ ನಿಂತುಬಿಡುತ್ತದೆ. ಮತ್ತೆ ಏರ್ ತೆಗೆಯಬೇಕು, ಮತ್ತೆ ಅದೇ ಕತೆ. ಡೀಸೆಲ್ ಪಂಪ್ ಹೋಗಿದೆ, ಬಿಚ್ಚಿ ಗಂಗಾವತಿಗೆ ಒಯ್ಯೋಣ ಅನ್ನುತ್ತಾನೆ ಮೆಕ್ಯಾನಿಕ್. ಬಿಚ್ಚಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣದಲ್ಲೇ ಪಂಪಿನ ಪರವಾಗಿ ಒಂದು ಸಾಕ್ಷಿ ಇದೆ. ಈ ಗಾತ್ರದ ಎಂಜಿನ್ ಕೆಲಸವಿಲ್ಲದೆ ನಿಂತಲ್ಲೇ ಓಡುವಾಗ, ಅಂದರೆ ಬರೀ ಐಡಲ್‌ನಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಎರಡು ನಿಮಿಷಕ್ಕೆ ಲೆಕ್ಕ ಹಾಕಿದರೆ 30–35 ಎಂಎಲ್, ಅಂದರೆ ಹೋಟೆಲಿನ ಚಹಾದ ಸಣ್ಣ ಲೋಟದಲ್ಲಿ ಅರ್ಧ. ಏರ್ ತೆಗೆಯುವಾಗ ನೀವು ಕೈಪಂಪಿನಿಂದ ತುಂಬಿಕೊಟ್ಟ ಆ ಅರ್ಧ ಲೋಟವನ್ನು ನಿಮ್ಮ ಪಂಪ್ ನಾಲ್ಕೂ ಸಿಲಿಂಡರಿಗೆ ಅಳೆದು ಹಂಚಿ, ಗಾಡಿ ಓಡಿಸಿ ತೋರಿಸಿದೆ. ಕೆಟ್ಟ ಪಂಪ್ ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ. ಅದು ಗಾಡಿ ಹತ್ತಲಿಕ್ಕೇ ಬಿಡುವುದಿಲ್ಲ, ಇಲ್ಲವೇ ಹತ್ತಿದ ಮೇಲೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಲೇ ಇರುತ್ತದೆ. ನಿಮ್ಮ ಗಾಡಿ ನಿಲ್ಲುತ್ತಿರುವುದು ಪಂಪಿನ ತನಕ ಡೀಸೆಲ್ ಬಾರದೆ.

ಇನ್ನೊಂದು ಮಾತು ಏರ್ ಬಗ್ಗೆ. ಏರ್ ಹಿಡಿಯುವುದು ರೋಗವಲ್ಲ, ರೋಗದ ಗುರುತು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಟ್ಯಾಂಕು ಪಂಪಿಗಿಂತ ಎತ್ತರದಲ್ಲಿರುತ್ತದೆ, ಡೀಸೆಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ದಾರಿ ಸಲೀಸಾಗಿದ್ದರೆ ಪೈಪಿನಲ್ಲಿ ಬಿರುಕಿದ್ದರೂ ಅಲ್ಲಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆಯೇ ಹೊರತು ಗಾಳಿ ಒಳಗೆ ಹೋಗುವುದಿಲ್ಲ. ಮೇಲೆಲ್ಲೋ ದಾರಿ ಕಟ್ಟಿಕೊಂಡಾಗ ಮಾತ್ರ ಫೀಡ್ ಪಂಪ್ (ಟ್ಯಾಂಕಿನ ಡೀಸೆಲನ್ನು ಎಳೆದು ಫಿಲ್ಟರ್ ಮೂಲಕ ಡೀಸೆಲ್ ಪಂಪಿಗೆ ಕಳಿಸುವ ಸಣ್ಣ ಪಂಪ್) ಬಲವಂತವಾಗಿ ಎಳೆಯತೊಡಗುತ್ತದೆ. ಆಗ ಅದೇ ಬಿರುಕು, ಅದೇ ಸಡಿಲ ನಟ್ಟು ಗಾಳಿಯನ್ನು ಒಳಗೆ ಬಿಡುತ್ತದೆ. ಪದೇ ಪದೇ ಏರ್ ತೆಗೆಯುವ ಗಾಡಿಯಲ್ಲಿ ಮೊದಲು ಹುಡುಕಬೇಕಾದ್ದು ಏರ್ ಎಲ್ಲಿಂದ ಬಂತು ಅನ್ನುವುದನ್ನಲ್ಲ, ಡೀಸೆಲ್ ಎಲ್ಲಿ ನಿಂತಿತು ಅನ್ನುವುದನ್ನು.

ಮೂರು ವರ್ಷ ನಿಂತ ಅರ್ಧ ಟ್ಯಾಂಕಿನೊಳಗೆ ಏನಾಗಿರುತ್ತದೆ? ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಶೆಡ್ಡು ಹಗಲು ಕಾದು ರಾತ್ರಿ ತಣ್ಣಗಾಗುತ್ತದೆ. ಟ್ಯಾಂಕಿನ ಖಾಲಿ ಭಾಗದ ಗಾಳಿ ಹಿಗ್ಗಿದಾಗ ಮುಚ್ಚಳದ ತೂತಿನಿಂದ ಹೊರಹೋಗಿ, ಕುಗ್ಗಿದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ, ಸುತ್ತ ಗದ್ದೆಗೆ ನೀರು ಕಟ್ಟಿದ ದಿನಗಳಲ್ಲಿ ಆ ಗಾಳಿ ಒದ್ದೆ. ಒಳಗಿನ ತಗಡು ಬೆವರುತ್ತದೆ, ಹನಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ (ಒಂದು ಲೀಟರ್ ಡೀಸೆಲ್ 810ರಿಂದ 845 ಗ್ರಾಂ ತೂಗುತ್ತದೆ), ಹಾಗಾಗಿ ತಳ ಸೇರಿ ಅಲ್ಲೇ ಉಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಡೀಸೆಲನ್ನೇ ತಿಂದು, ನೀರಿನಲ್ಲಿ ಬದುಕಿ, ಕಂದು ಇಲ್ಲವೇ ಕಪ್ಪು ಲೋಳೆ ಬಿಡುತ್ತವೆ. ಅವು ಉಗುಳುವ ಹುಳಿಯಿಂದ ತಗಡಿಗೆ ತುಕ್ಕು ಹಿಡಿಯುತ್ತದೆ. ಇತ್ತ ಡೀಸೆಲ್ ಕೂಡ ಗಾಳಿ ತಾಗಿ ಹಳಸಿ ಅಂಟು ಕಟ್ಟುತ್ತದೆ. ಈ ರಾಡಿ ತಳದಲ್ಲಿ ತಣ್ಣಗೆ ಕೂತಿತ್ತು. ನೀವು ಮೇಲಿಂದ ಹೊಸ 10 ಲೀಟರ್ ಸುರಿದಾಗ ಎಲ್ಲ ಕದಡಿ ಎದ್ದಿತು. ಹೊಸದು ಸೇರಿಸಿದರೆ ಹಳೆಯದು ಸರಿಹೋಗುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ಆಗುವುದು ಉಲ್ಟಾ, ಹೊಸದೂ ಕೆಡುತ್ತದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಎರಡು ನೋಟ. ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಏರಿದ್ದು, ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆದರೆ ಗಾಡಿ ಹಚ್ಚಲೇಬೇಡಿ, ಆಯಿಲ್ ಬದಲಿಸಿ ಡೀಸೆಲ್ ಎಲ್ಲಿಂದ ಇಳಿಯಿತೆಂದು ಹುಡುಕಿ. ಏರ್ ಕ್ಲೀನರ್ ಬಿಚ್ಚಿ ಇಲಿ ಗೂಡು ಕಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬೀಡಿ ಸಿಗರೇಟು ದೂರವಿರಲಿ.

ಈಗ ಬಾಟಲಿ ಪರೀಕ್ಷೆ. ಗಾಡಿಯನ್ನು ಒಂದು ರಾತ್ರಿ ಅಲುಗಿಸದೆ ಬಿಡಿ. ಬೆಳಿಗ್ಗೆ ಟ್ಯಾಂಕಿನ ತಳದ ಡ್ರೈನ್ ಬೋಲ್ಟ್ ಸಡಿಲಿಸಿ, ಮೊದಲು ಬರುವ ಒಂದು ಲೀಟರನ್ನು ಪಾರದರ್ಶಕ ಬಾಟಲಿಗೆ ಹಿಡಿದು ಒಂದು ತಾಸು ಇಡಿ. ಬಿಸಿಲಿಗೆ ಹಿಡಿದು ನೋಡಿದರೆ ಮೂರು ಪದರ ಕಾಣಬಹುದು: ತಳದಲ್ಲಿ ನೀರು, ಅದರ ಮೇಲೆ ಹಾಲಿನ ಕೆನೆಯ ಹಾಗೆ ತೇಲುವ ಕಂದು ಲೋಳೆ, ಅದರ ಮೇಲೆ ಡೀಸೆಲ್. ಲೋಳೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಲೇಬೇಕು, ಸೋಸಿ ಬಳಸುವ ಆಸೆ ಬಿಡಿ. ನೀರು ಮಾತ್ರ ಇದ್ದು ಮೇಲಿನ ಡೀಸೆಲ್ ತಿಳಿಯಾಗಿ, ಹಳದಿಯಾಗಿ ಇದ್ದರೆ ಅದನ್ನು ಬೇರೆ ಕ್ಯಾನಿನಲ್ಲಿ ಎರಡು ದಿನ ಇಟ್ಟು, ಮೇಲಿನ ಮುಕ್ಕಾಲು ಭಾಗವನ್ನು ಮಾತ್ರ ಬಸಿದು, ದಪ್ಪ ಬಟ್ಟೆಯಲ್ಲಿ ಸೋಸಿ, ಮೂರು ಪಾಲು ಹೊಸದಕ್ಕೆ ಒಂದು ಪಾಲಿನಂತೆ ಬೆರೆಸಬಹುದು. ಬಣ್ಣ ಚಹಾದ ಡಿಕಾಕ್ಷನ್ ತರಹ ಆಗಿ, ಪೇಂಟ್ ಅಂಗಡಿಯ ವಾಸನೆ ಬಂದರೆ ಅದೂ ಬೇಡ. ಬಸಿದದ್ದನ್ನು ಕಾಲುವೆಗೆ, ಗದ್ದೆ ಬದುವಿಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಟ್ಯಾಂಕ್ ತೊಳೆಯಲು 2–3 ಲೀಟರ್ ಹೊಸ ಡೀಸೆಲ್ ಸಾಕು. ಹಾಕಿ, ಅಲುಗಿಸಿ, ಬಸಿದು, ತಿಳಿಯಾಗಿ ಬರುವ ತನಕ ಮತ್ತೆ ಮಾಡಿ. ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ. ಗೋಡೆಗೆ ತುಕ್ಕು ಅಂಟಿದ್ದರೆ ಟ್ಯಾಂಕನ್ನೇ ಇಳಿಸಿ, ಅರ್ಧ ಮೀಟರ್ ಸಣ್ಣ ಸರಪಳಿಯನ್ನು ತಂತಿಗೆ ಕಟ್ಟಿ ಒಳಗೆ ಬಿಟ್ಟು ಕುಲುಕಿ. ತಂತಿಯ ತುದಿ ಹೊರಗಿರಲಿ, ಇಲ್ಲದಿದ್ದರೆ ಸರಪಳಿ ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ನೀರು ಹಾಕಿ ತೊಳೆಯಬೇಡಿ. ತೂತು ಕಂಡರೆ ನೇರವಾಗಿ ವೆಲ್ಡಿಂಗ್‌ಗೆ ಒಯ್ಯಬೇಡಿ, ಖಾಲಿ ಟ್ಯಾಂಕಿನ ಆವಿ ಸಿಡಿಯುತ್ತದೆ.

ತೊಳೆದ ಮೇಲೆ 10 ಲೀಟರ್ ಹೊಸ ಡೀಸೆಲ್ ಹಾಕಿ, ಹರಿವು ನೋಡಿ. ಫೀಡ್ ಪಂಪಿಗೆ ಬರುವ ಪೈಪನ್ನು ಪಂಪಿನ ತುದಿಯಲ್ಲಿ ಬಿಚ್ಚಿ ಬಾಟಲಿಗೆ ಹಿಡಿಯಿರಿ. ಟ್ಯಾಂಕಿನ ಕೆಳಗಿನ ಕಾಕ್ (ಡೀಸೆಲ್ ನಲ್ಲಿ) ತೆರೆದರೆ ಒಂದು ಲೀಟರ್ ಒಂದೆರಡು ನಿಮಿಷದಲ್ಲಿ ತುಂಬಬೇಕು, ಧಾರೆ ಕೊನೆಯ ತನಕ ಒಂದೇ ಸಮ ಇರಬೇಕು. ಮೊದಲು ಜೋರಾಗಿ ಬಂದು ಆಮೇಲೆ ದಾರದಷ್ಟು ಸಣ್ಣಗಾದರೆ ತಳದಲ್ಲಿ ತೇಲುತ್ತಿದ್ದ ಏನೋ ಒಂದು ಡೀಸೆಲ್ ಹೊರಡುವ ಬಾಯಿಗೆ ಬಂದು ಕೂತಿದೆ. ನಿಮ್ಮ ಎರಡು ನಿಮಿಷದ ಕತೆಗೆ ಇದು ಚೆನ್ನಾಗಿ ಹೊಂದುತ್ತದೆ: ಎಂಜಿನ್ ನಿಂತಾಗ ಎಳೆತ ನಿಲ್ಲುತ್ತದೆ, ಕಸ ಬಾಯಿ ಬಿಟ್ಟು ಸರಿಯುತ್ತದೆ, ಮತ್ತೆ ಹಚ್ಚಿದಾಗ ಮತ್ತೆ ಬಂದು ಕೂರುತ್ತದೆ. ಕಾಕ್ ಬಿಚ್ಚಿ, ಅದರ ಮೇಲ್ಭಾಗದಲ್ಲಿ ಟ್ಯಾಂಕಿನೊಳಗೆ ನಿಲ್ಲುವ ಜಾಳಿಗೆ ಇದ್ದರೆ ಬ್ರಷ್‌ನಿಂದ ತಿಕ್ಕಿ. ಪೈಪಿಗೆ ಟ್ಯಾಂಕಿನ ಕಡೆಗೆ ಗಾಳಿ ಊದಿ ಕೈತೊಳೆದುಕೊಂಡರೆ ಸಾಲದು, ಕಸ ಟ್ಯಾಂಕಿಗೆ ಹೋಗಿ ನಾಳೆ ವಾಪಸ್ ಬರುತ್ತದೆ.

ಮುಚ್ಚಳದ ಉಸಿರು ತೂತು ಮುಚ್ಚಿದೆಯೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟುವುದುಂಟು, ಸೂಜಿ ಹಾಕಿ ಬಿಡಿಸಿ. ಆದರೆ ಅರ್ಧ ಖಾಲಿ ಟ್ಯಾಂಕಿನಲ್ಲಿ 30 ಎಂಎಲ್ ಕಡಿಮೆಯಾದರೆ ಡೀಸೆಲ್ ತಡೆಯುವಷ್ಟು ನಿರ್ವಾತ ಹುಟ್ಟುವುದಿಲ್ಲ. ಆ ದೋಷ ಕಾಣುವುದು ಟ್ಯಾಂಕ್ ತುಂಬ ಇದ್ದಾಗ, ಇಲ್ಲವೇ ಉಳುಮೆಗೆ ಇಳಿದು ಅರ್ಧ–ಒಂದು ತಾಸಾದ ಮೇಲೆ. ನಿಮ್ಮ ಗಾಡಿಯ ಅಪರಾಧಿ ಅದಲ್ಲ.

ಟ್ಯಾಂಕಿನಿಂದ ಧಾರೆ ಸರಿ ಬಂದರೂ ಗಾಡಿ ನಿಂತರೆ, ಮುಂದಿನದನ್ನು ಫೀಡ್ ಪಂಪಿನ ಕೈಪಂಪೇ ಹೇಳುತ್ತದೆ. ಗಾಡಿ ನಿಂತ ತಕ್ಷಣ ಕೈಪಂಪಿನ ಗುಂಡಿ ತಿರುಗಿಸಿ ಬಿಚ್ಚಿ, ನಿಧಾನ ಮೇಲೆಳೆಯಿರಿ. ಎಳೆಯುವಾಗ ಬಿಗಿದು, ಬಿಟ್ಟರೆ ತಾನೇ ಒಳಕ್ಕೆ ಜಗ್ಗಿಕೊಂಡರೆ ಹಿಂದೆ ದಾರಿ ಕಟ್ಟಿದೆ: ಟ್ಯಾಂಕ್, ಕಾಕ್, ಪೈಪ್ ಅಥವಾ ಫೀಡ್ ಪಂಪಿನ ಬಾಯಲ್ಲಿರುವ ಸಣ್ಣ ಜಾಳಿಗೆ. ಈ ಜಾಳಿಗೆ ಇರುವುದೇ ಎಷ್ಟೋ ಮಂದಿಗೆ ಗೊತ್ತಿಲ್ಲ, ಪೈಪಿನ ತುದಿ ಹಿಡಿಯುವ ಟೊಳ್ಳು ಬೋಲ್ಟಿನ (ಬಾಂಜೋ ಬೋಲ್ಟ್) ಒಳಗೆ ಅಥವಾ ಗಾಜಿನ ಬಟ್ಟಲಿನ ಮೇಲೆ ಅಡಗಿರುತ್ತದೆ. ಗುಂಡಿ ಎರಡೂ ಕಡೆ ಸಡಿಲವಾಗಿ, ಏನೂ ಭಾರವಿಲ್ಲದೆ ಆಡಿದರೆ ಗಾಳಿ ಎಳೆಯುತ್ತಿದೆ ಅಥವಾ ಫೀಡ್ ಪಂಪಿನ ಒಳಗಿನ ವಾಲ್ವ್ ಅಂಟಿನಿಂದ ತೆರೆದೇ ಉಳಿದಿದೆ. ಆ ವಾಲ್ವ್‌ಗಳನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಬಹುದು, ಕಿಟ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಒತ್ತುವಾಗ ಕಲ್ಲಿನಂತೆ ಗಟ್ಟಿಯಾದರೆ ಮುಂದಿನ ಫಿಲ್ಟರ್ ಕಟ್ಟಿದೆ.

ಕೆಲವು ಗಾಡಿಗಳಲ್ಲಿ ಗುಂಡಿಯ ಬದಲು ಸಣ್ಣ ಲಿವರ್ ಇರುವ ಡಯಾಫ್ರಂ ಪಂಪ್ ಇರುತ್ತದೆ. ಲಿವರ್ ಸತ್ತ ಹಾಗೆ ಆಡಿದರೆ ಪಂಪ್ ಹಾಳಾಗಿದೆ ಅನ್ನಬೇಡಿ. ಪಂಪನ್ನು ಒತ್ತುವ ಎಂಜಿನ್ ಒಳಗಿನ ಉಬ್ಬು (ಕ್ಯಾಮ್) ಎತ್ತರದ ಮೇಲೆ ನಿಂತಿರುತ್ತದೆ, ಅಷ್ಟೆ. ಎಂಜಿನನ್ನು ಒಂದು ಸುತ್ತು ತಿರುಗಿಸಿ ನೋಡಿ, ಲಿವರಿಗೆ ಜೀವ ಬರುತ್ತದೆ.

ಇಷ್ಟೆಲ್ಲ ಹುಡುಕುವ ಮೊದಲೇ ಜಗಳ ಬಗೆಹರಿಸುವ ಒಂದು ಅಡ್ಡದಾರಿ ಇದೆ, ಕ್ಯಾನ್ ಪರೀಕ್ಷೆ. 5 ಲೀಟರಿನ ಶುದ್ಧ ಕ್ಯಾನಿಗೆ ಬಂಕಿನ ಹೊಸ ಡೀಸೆಲ್ ತುಂಬಿ, ಸೈಲೆನ್ಸರಿನಿಂದ ದೂರ, ಫೀಡ್ ಪಂಪಿಗಿಂತ ಎರಡಡಿ ಎತ್ತರದಲ್ಲಿ ಭದ್ರವಾಗಿ ಕಟ್ಟಿ. ಒಳಗಳತೆ 8 ಎಂಎಂ ಇರುವ ಒಂದೂವರೆ ಮೀಟರ್ ಪಾರದರ್ಶಕ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಟ್ಟು ಕ್ಲಿಪ್ ಬಿಗಿಯಿರಿ. ಏರ್ ತೆಗೆದು ಗಾಡಿ ಹಚ್ಚಿ. 20 ನಿಮಿಷ ನಿಲ್ಲದೆ ಓಡಿದರೆ ಫೀಡ್ ಪಂಪ್, ಫಿಲ್ಟರ್, ಡೀಸೆಲ್ ಪಂಪ್, ನಾಜಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಎಲ್ಲ ಒಂದೇ ಏಟಿಗೆ ನಿರಪರಾಧಿಗಳು, ದೋಷ ಟ್ಯಾಂಕ್ ಮತ್ತು ಅದರ ಪೈಪಿನದು. ಮತ್ತೆ ಎರಡು ನಿಮಿಷಕ್ಕೆ ನಿಂತರೆ ಟ್ಯಾಂಕಿನ ಜೊತೆಗೆ ಫೀಡ್ ಪಂಪ್ ಮತ್ತು ಫಿಲ್ಟರ್ ಕಡೆಯೂ ನೋಡಬೇಕು. ಪಂಪ್ ಬಿಚ್ಚಬೇಕು ಅನ್ನುವ ನಿಮ್ಮ ಮೆಕ್ಯಾನಿಕ್ ಎದುರಿಗೇ ಇದನ್ನು ಮಾಡಿ, ವಾದ ಬೇಕಾಗುವುದಿಲ್ಲ.

ರಬ್ಬರ್ ಪೈಪುಗಳ ಬಗ್ಗೆ ಯೋಚನೆಯೇ ಬೇಡ, ಎಲ್ಲ ಬದಲಿಸಿ. ಮೂರು ಬೇಸಿಗೆ ಕಂಡ ರಬ್ಬರ್ ಮಡಚಿದರೆ ಸೀಳು ಬಿಡುತ್ತದೆ, ಜೊತೆಗೆ ಇಲಿ ಹಲ್ಲು. ಡೀಸೆಲ್ ಪೈಪ್ ಎಂದೇ ಕೇಳಿ ತನ್ನಿ, ನೀರಿನ ಪೈಪ್ ಕೆಲವೇ ತಿಂಗಳಲ್ಲಿ ಉಬ್ಬಿ ಬಾಯಿ ಮುಚ್ಚುತ್ತದೆ. ಬಾಂಜೋ ಬೋಲ್ಟಿನ ತಾಮ್ರದ ವಾಷರುಗಳು ಒಮ್ಮೆ ಬಿಗಿದರೆ ಆಯಿತು, ಬಿಚ್ಚಿದಾಗಲೆಲ್ಲ ಹೊಸದು.

ಫಿಲ್ಟರ್ ಎರಡೂ ಒಟ್ಟಿಗೆ ಬದಲಿಸಿ, ಮೊದಲನೆಯ ಬಟ್ಟೆಯದು, ಎರಡನೆಯ ಕಾಗದದ್ದು. ಬಟ್ಟಲಿನ ರಬ್ಬರ್ ರಿಂಗೂ ಹೊಸದೇ ಇರಲಿ, ಹಳೆಯದು ಗಾಡಿಯಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂರಿಸಿದರೆ ಅಲ್ಲಿಂದಲೇ ಸೋರುತ್ತದೆ. ಬೇಗ ಆಗಲೆಂದು ಎರಡನೇ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿಯಬೇಡಿ. ಹಾಗೆ ಸುರಿದದ್ದು ಸೋಸದೆ ಪಂಪಿಗೆ ಹೋಗುತ್ತದೆ. ಪಂಪಿನೊಳಗೆ ಡೀಸೆಲ್ ಒತ್ತುವ ಸಣ್ಣ ದಂಡಕ್ಕೂ (ಪ್ಲಂಜರ್) ಅದು ಆಡುವ ಕೊಳವೆ ಬ್ಯಾರಲ್‌ಗೂ ನಡುವಿನ ಸಂದು 2–4 ಮೈಕ್ರಾನ್, ತಲೆಗೂದಲು ಸುಮಾರು 70. ನಮ್ಮ ಎರೆಹೊಲದ ಧೂಳಿನ ಒಂದು ಕಣ ಸಾಕು ಅಲ್ಲಿ ಗೀರು ಹಾಕಲಿಕ್ಕೆ. ಕೈಪಂಪಿನಿಂದಲೇ ತುಂಬಿ, ಕೈ ನೋಯಲಿ.

ಏರ್ ತೆಗೆಯುವ ಕ್ರಮ ಟ್ಯಾಂಕಿನಿಂದ ಎಂಜಿನ್ ಕಡೆಗೆ, ಹಿಂದುಮುಂದಾಗಬಾರದು. ಮೊದಲನೇ ಫಿಲ್ಟರಿನ ತಲೆಯ ಏರ್ ಬೋಲ್ಟ್ ಎರಡು ಸುತ್ತು ಸಡಿಲಿಸಿ ಕೈಪಂಪ್ ಹೊಡೆಯಿರಿ. ಖಾಲಿ ಬಟ್ಟಲು ತುಂಬಲು 50–100 ಸಲ ಒತ್ತಬೇಕಾದೀತು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ಸೋಪಿನ ನೊರೆಯಂತಹ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಧಾರೆ ಬರುತ್ತಿರುವಾಗಲೇ ಬೋಲ್ಟ್ ಬಿಗಿಯಿರಿ, ಪಂಪ್ ನಿಲ್ಲಿಸಿ ಬಿಗಿದರೆ ಗಾಳಿ ವಾಪಸ್ ನುಗ್ಗುತ್ತದೆ. ಎರಡನೇ ಫಿಲ್ಟರಿಗೆ ಹಾಗೇ, ಡೀಸೆಲ್ ಪಂಪಿನ ಏರ್ ಸ್ಕ್ರೂಗೆ ಹಾಗೇ. ಆಮೇಲೆ ನಾಜಲ್ ತುದಿಯಲ್ಲಿ ನಾಲ್ಕೂ ಹೈಪ್ರೆಶರ್ ಪೈಪಿನ ನಟ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ. ಸ್ಟಾಪ್ ನಾಬ್ ಒಳಗಿದೆಯೇ ನೋಡಿ (ಬಹಳ ಸಲ ಇಡೀ ಮಧ್ಯಾಹ್ನ ಹಾಳಾಗುವುದು ಇದರಿಂದಲೇ), ರೇಸ್ ಪೂರ್ತಿ ಕೊಟ್ಟು ಸೆಲ್ಫ್ 10 ಸೆಕೆಂಡು ಹೊಡೆದು, ಎರಡು ನಿಮಿಷ ಬಿಡಿ. ನಟ್ಟುಗಳ ಸಂದಿಯಿಂದ ಡೀಸೆಲ್ ಉಗುಳಿದಂತೆ ಬಂದ ಮೇಲೆ ಬಿಗಿದು ಹಚ್ಚಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ನಾಜಲ್ ತೆರೆಯುವ ಒತ್ತಡ ಮಾಡೆಲಿಗೆ ತಕ್ಕಂತೆ 180ರಿಂದ 250 ಬಾರ್. ಆ ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಮಾಂಸ ಕೊಳೆಯುತ್ತದೆ. ಸೋರುವ ಜಾಗವನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ, ರಟ್ಟಿನ ಚೂರು ಹಿಡಿಯಿರಿ. ತೂರಿದ್ದೇ ಆದರೆ ನೋವಿಲ್ಲವೆಂದು ಕಾಯದೆ ಅದೇ ತಾಸಿನಲ್ಲಿ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೋಗಿದೆ ಎಂದು ಬಾಯಿ ಬಿಟ್ಟು ಹೇಳಿ.

ಹತ್ತುತ್ತಿಲ್ಲವೆಂದು ಏರ್ ಕ್ಲೀನರಿಗೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನೇಳು–ಹದಿನೆಂಟು ಪಟ್ಟು ಒತ್ತುತ್ತದೆ. ಪಿಸ್ಟನ್ ಪೂರ್ತಿ ಮೇಲೇರುವ ಮುಂಚೆಯೇ ಪೆಟ್ರೋಲ್ ಆವಿ ಸಿಡಿದರೆ ರಿಂಗ್ ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ: ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ, ಬಿಳಿ ಹೊಗೆ ಬಂದರೆ ಹೋಗುತ್ತಿದೆ, ಉರಿಯುತ್ತಿಲ್ಲ.

ಗಾಡಿ ಓಡತೊಡಗಿದ ಮೇಲೆ ಬಿಳಿ ಹೊಗೆ ಕೆಲ ನಿಮಿಷ ಬಂದು ಹೋದರೆ ಸರಿ. ಹೋಗದೆ, ಕಟ್ ಕಟ್ ಎಂದು ಬಡಿಯುತ್ತಿದ್ದರೆ ಐಡಲ್‌ನಲ್ಲಿ ಪಂಪಿನ ತುದಿಯ ನಟ್ಟುಗಳನ್ನು ಬಟ್ಟೆ ಸುತ್ತಿ ಒಂದೊಂದಾಗಿ ಸಡಿಲಿಸಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ. ನಾಜಲುಗಳನ್ನು ಟೆಸ್ಟರಿನಲ್ಲೇ ಪರೀಕ್ಷಿಸಬೇಕು. ತೂತಿಗೆ ತಂತಿ ಹಾಕುವುದು, ಒಂದರ ಸೂಜಿಯನ್ನು ಇನ್ನೊಂದಕ್ಕೆ ಹಾಕುವುದು ಎರಡೂ ಬೇಡ, ಅವು ಜೋಡಿಯಾಗಿ ತಯಾರಾದವು. ಹೊಸ ಫಿಲ್ಟರುಗಳನ್ನು 10 ತಾಸು ಓಡಿದ ಮೇಲೆ ಒಂದು ಸಲ ಬದಲಿಸಿಬಿಡಿ, ಗೋಡೆಗೆ ಅಂಟಿದ ಲೋಳೆ ಕಳಚಿ ಬರುತ್ತಲೇ ಇರುತ್ತದೆ. ಕೇಜ್ ವೀಲ್ ಕಟ್ಟಿ ಗದ್ದೆಗೆ ಇಳಿಯುವ ದಿನ ಒಂದು ಜೊತೆ ಫಿಲ್ಟರ್ ಟೂಲ್ ಬಾಕ್ಸಿನಲ್ಲಿರಲಿ. ಮುಂದೆ ಗಾಡಿ ನಿಲ್ಲಿಸುವಾಗ ಟ್ಯಾಂಕನ್ನು ಕುತ್ತಿಗೆ ತನಕ ತುಂಬಿ ನಿಲ್ಲಿಸಿ, ಗಾಳಿಗೆ ಜಾಗವಿಲ್ಲದಿದ್ದರೆ ಬೆವರಿಗೂ ಜಾಗವಿಲ್ಲ.

ಈಗಿನ ಡೀಸೆಲ್ ಹಳೆ ಪಂಪಿಗೆ ಆಗಿಬರುವುದಿಲ್ಲ, ಎರಡು ಮುಚ್ಚಳ ಆಯಿಲ್ ಬೆರೆಸಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಮ್‌ನಿಂದ 10ಕ್ಕೆ ಇಳಿದಿದೆ ನಿಜ. ಹಾಗೆ ಕಳೆದುಹೋಗುವ ಜಿಡ್ಡಿನ ಗುಣಕ್ಕೆ ಬೇಕಾದದ್ದನ್ನು ರಿಫೈನರಿಯಲ್ಲೇ ಸೇರಿಸುತ್ತಾರೆ. ಪಂಪಿಗೆ ನಿಜವಾದ ಶತ್ರು ನೀರು ಮತ್ತು ಸೀಮೆಎಣ್ಣೆ.

ಕ್ಯಾನ್ ಪರೀಕ್ಷೆಯಲ್ಲೂ ಗಾಡಿ ನಿಂತು, ಫೀಡ್ ಪಂಪ್, ಫಿಲ್ಟರ್ ಸರಿಯಿದ್ದು, ಏರ್ ಇಲ್ಲದ ಡೀಸೆಲ್ ಪಂಪಿನ ಬಾಯಿ ತನಕ ಬರುತ್ತಿದ್ದರೆ ಆಗ ಪಂಪಿನ ಸರದಿ. ನಿಮ್ಮದು ನಾಲ್ಕು ಪೈಪ್ ಸಾಲಾಗಿ ಮೇಲೆದ್ದಿರುವ ಇನ್‌ಲೈನ್ ಪಂಪ್ ಆದರೆ (ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಇನ್ನೂ ಮೈಕೋ ಪಂಪ್) ಪಕ್ಕದ ಮುಚ್ಚಳ ತೆಗೆದು ಒಳಗೆ ನೋಡಬಹುದು. ಸ್ಟಾಪ್ ಲಿವರ್ ಆಡಿಸಿದಾಗ ಒಳಗಿನ ರಾಕ್ (ಉದ್ದ ಪಟ್ಟಿ) ಸಲೀಸಾಗಿ ಸರಿದು ನಾಲ್ಕೂ ಪ್ಲಂಜರುಗಳನ್ನು ಒಟ್ಟಿಗೆ ತಿರುಗಿಸಬೇಕು. ಅಂಟಿಕೊಂಡಿದ್ದರೆ ಶುದ್ಧ ಡೀಸೆಲ್ ಹನಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಬೆರಳಿನಿಂದ ಮೆಲ್ಲಗೆ ಆಡಿಸಿ. ಸುತ್ತಿಗೆ, ಕಟಿಂಗ್ ಪ್ಲೇಯರ್ ಬೇಡ. ರಾಕ್ ಫುಲ್ ಕಡೆಗೆ, ಅಂದರೆ ಪೂರ್ತಿ ಡೀಸೆಲ್ ಬಿಡುವ ಕಡೆಗೆ ಅಂಟಿದ್ದರೆ ಎಂಜಿನ್ ಹತ್ತಿದ ಕೂಡಲೇ ಹಿಡಿತ ತಪ್ಪಿ ಓಡುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಅದಕ್ಕೇ ಮೊದಲ ಸಲ ಹಚ್ಚುವಾಗ ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟು, ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಅಂಗೈ ಅಡ್ಡ ಇಡಬಾರದು.

ದುಂಡಗಿನ ರೋಟರಿ ಪಂಪ್ ಆದರೆ ಒಳಗೆ ಕೈ ಹಾಕಬೇಡಿ. ಅದಕ್ಕೆ ಡೀಸೆಲ್ಲೇ ಆಯಿಲ್, ಹಾಗಾಗಿ ನೀರು ಹೊಕ್ಕರೆ ಒಳಭಾಗವೆಲ್ಲ ತುಕ್ಕು. ಟೆಸ್ಟ್ ಬೆಂಚ್ (ಪಂಪ್ ಪರೀಕ್ಷಿಸುವ ಯಂತ್ರ) ಇರುವ ಅಂಗಡಿಗೇ ಒಯ್ಯಬೇಕು. ಒಯ್ಯುವುದೇ ಆದರೆ ಬಿಚ್ಚುವ ಮುಂಚೆ ಪಂಪಿನ ಫ್ಲಾಂಜ್ ಮತ್ತು ಎಂಜಿನ್ ಬಾಡಿ ಎರಡರ ಮೇಲೂ ಒಂದೇ ಗೆರೆ ಗೀರಿ, ಟೈಮಿಂಗ್ ಮಾರ್ಕ್ ನೋಡಿಟ್ಟುಕೊಳ್ಳಿ. ಪೈಪುಗಳಿಗೆ ಒಂದರಿಂದ ನಾಲ್ಕರ ತನಕ ಚೀಟಿ ಕಟ್ಟಿ. ತೆರೆದ ಬಾಯಿಗಳಿಗೆಲ್ಲ ಶುದ್ಧ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿಯಿರಿ, ಹತ್ತಿ ಬಟ್ಟೆ ತುರುಕಿದರೆ ಅದರ ಎಳೆ ನಾಜಲಿಗೆ ಹೋಗಿ ಕೂರುತ್ತದೆ. ನಾಲ್ಕೂ ನಾಜಲುಗಳನ್ನು ಜೊತೆಗೇ ಒಯ್ಯಿರಿ, ಎರಡನೇ ಸಲ ಬಸ್ ಚಾರ್ಜ್ ಉಳಿಯುತ್ತದೆ.